ಕಡ್ಡಿ ತೋರಿಸು ಅಂದವನು

ನಮ್ಮೂರ ಕಡೆ ಒಂದು ರೂಢಿ. ಹಸುವಿಗೆ ಗರ್ಭ ಕಟ್ಟಿಸಲು ಬಂದವನು ಸಣ್ಣ ಕೊಳವೆಯಂಥ ವೀರ್ಯದ ಕಡ್ಡಿಯನ್ನು ಮೊದಲು ಮನೆಯ ಹಿರಿಯನಿಗೆ ತೋರಿಸಬೇಕು. ನಮ್ಮನೇಲಿ ಹಿರಿಯ ಅಂದರೆ ನಮ್ಮಣ್ಣ. ಕೊಟ್ಟಿಗೆ ಬಾಗಿಲಲ್ಲಿ ನಿಂತು, ಸೀರೆ ಅಂಗಡಿಗೆ ಬಂದವನ ಹಾಗೆ, "ಇದ್ ಬ್ಯಾಡ, ಇಡು. ಇನ್ನೊಂದ್ ತೆಗಿ. ಇದ್ಯಾವ್ ಓರಿದ್ಲಾ? ಬ್ಯಾಡ, ಮೊದಲ್ ತೋರ್ಸಿದ್ನೇ ಆಕು" ಅನ್ನುತ್ತಿದ್ದ. ತಣ್ಣನೆ ಹೊಗೆಯಾಡುವ ಕ್ಯಾನಿನಿಂದ ಕಡ್ಡಿ ಮೇಲೆ ಬರೋದು, ಬಿಸಿಲಿಗೆ ಹಿಡಿಯೋದು, ಮತ್ತೆ ಒಳಗೆ ಹೋಗೋದು.

ನನ್ನ ಕೆಂದ ಹಸು ಗಬ್ಬ ನಿಲ್ಲಲಿಲ್ಲ. ಮತ್ತೆ ಮತ್ತೆ ಬೆದೆಗೆ ಬಂತು.

"ಗೊಡ್ಡು ಕಣ್ಲಾ. ಸಂತೆಗ್ ಒಡಿ" ಅಂದ ಅಣ್ಣ.

ಮೈ ಉರಿದುಹೋಯಿತು. ಮಗಳು ಹುಟ್ಟೋ ಮುಂಚೆ ಇದೇ ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೂ ಇದೇ ಮಾತು ಅಂದಿದ್ದ. ಅವಳು ಹಾಲಿನ ಚೊಂಬು ಹಿಡಿದುಕೊಂಡೇ ನಿಂತಿದ್ದಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತೆಂಗಿನಕಾಯಿ ಸುಲಿದು ದುಡಿದು ತಂದ ಹಸು ಅದು. ಗೊತ್ತಿಲ್ಲದ್ದನ್ನು ಕೇಳೋಕೆ ನನಗೆ ನಾಚಿಕೆಯಿಲ್ಲ. ಚನ್ನರಾಯಪಟ್ಟಣಕ್ಕೆ ಹೋಗಿ ದನದ ಡಾಕ್ಟರಮ್ಮನನ್ನು ಕೇಳಿದೆ.

"ಕಡ್ಡಿ ಹೊರಗೆ ತೆಗೆದು ವಾಪಸ್ ಇಟ್ರಾ?" ಅಂದರು. ಹೌದು ಅಂದೆ. ಹಣೆ ಚಚ್ಚಿಕೊಂಡರು.

"ವೀರ್ಯದ ಒಂದೊಂದು ಕಣಕ್ಕೂ ಸುತ್ತ ಜಿಡ್ಡಿನ ಪೊರೆ ಇರುತ್ತೆ, ಎರಡೇ ಪದರ. ಒಳಗಿನದು ಒಳಗೇ ಇರೋದು ಅದರಿಂದ. ಬೆಚ್ಚಗಿದ್ದಾಗ ಎಣ್ಣೆ ಥರ ಮೆತ್ತಗಿರುತ್ತೆ, ಚಳಿಗೆ ಕೊಬ್ಬರಿ ಎಣ್ಣೆ ಥರ ಬಿಗಿಯುತ್ತೆ. ಒಡೀದಿರಲಿ ಅಂತ ಮೊಟ್ಟೆ ಹಳದಿ, ಗ್ಲಿಸರಿನ್ ಬೆರೆಸಿ ಹೆಪ್ಪುಗಟ್ಟಿಸಿರ್ತಾರೆ. ಕರಗೋಕೆ ಬಿಟ್ಟು ಮತ್ತೆ ಒಳಗಿಟ್ರೆ ಐಸಿನ ಹರಳು ಬೆಳೆದು ಪೊರೆ ಹರಿಯುತ್ತೆ. ಒಳಗಿದ್ದದ್ದು ಸೋರಿಹೋಗುತ್ತೆ."

ಅಂದರೆ ನನ್ನ ಹಸು ಗೊಡ್ಡಲ್ಲ. ಅಣ್ಣ ಎತ್ತಿ ಎತ್ತಿ ನೋಡಿ ಕೊಂದದ್ದನ್ನೇ ಅದರ ಹೊಟ್ಟೆಗೆ ಹಾಕಿಸಿದ್ದ.

ಮುಂದಿನ ಬೆದೆಗೆ ಅವನು "ತೋರ್ಸು" ಅಂತ ಬಂದಾಗ ಕ್ಯಾನಿಗೆ ಅಡ್ಡ ನಿಂತೆ.

"ನೋಡುದ್ರೆ ಅಳ್ಸೋಯ್ತದೇನ್ಲಾ?"

"ಊಂ ಕಣಣ್ಣೋ, ಅಳ್ಸೋಯ್ತದೆ. ಅದ್ರಾಗೆ ಮೊಟ್ಟೆ ಬ್ಯಾರೆ ಆಕವ್ರೆ. ಇವತ್ ಸ್ವಾಮಾರ, ದೂರ ನಿಂತ್ಕೊ."

ಕ್ಯಾನಿನವನು ನಕ್ಕುಬಿಟ್ಟ. ಕಡ್ಡಿ ಕ್ಯಾನಿನಿಂದ ಬೆಚ್ಚನೆ ನೀರಿಗೆ, ಅಲ್ಲಿಂದ ನೇರ ಹಸುವಿಗೆ ಹೋಯಿತು.

ಗಬ್ಬ ನಿಂತಿತು, ಹೆಣ್ಣುಗರು ಹಾಕಿತು. ಅಣ್ಣ ಈಗ ಊರೆಲ್ಲ "ನಾನ್ ಆರ್ಸಿದ್ ಓರಿ ಕಣ್ಲಾ" ಅಂತ ಹೇಳಿಕೊಂಡು ತಿರುಗುತ್ತಾನೆ. ಗಿಣ್ಣು ತಿನ್ನೋಕೂ ಬಂದ. ಗೊಡ್ಡು ಅಂದ ಮಾತನ್ನು ಹಸುವಿನ ಮೇಲಿಂದಲೂ ವಾಪಸ್ ತಗೊಳ್ಳಲಿಲ್ಲ, ನನ್ನ ಹೆಂಡತಿ ಮೇಲಿಂದಲೂ ತಗೊಳ್ಳಲಿಲ್ಲ. ಅವಳು ಬಡಿಸೋಕೆ ಎದ್ದಳು. ಅವನಿಗೆ ನೀನು ಬಡಿಸಬೇಡ ಅಂತ ಪಾತ್ರೆ ನಾನು ಕಿತ್ತುಕೊಂಡೆ.