ಮೂರನೆಯ ಶಂಖ

ನಮ್ಮ ದ್ವೀಪದ ಊರಿನಲ್ಲಿ ಸಂಜೆ ಶುರುವಾಗುತ್ತಿದ್ದುದು ಹೊಗೆಯಿಂದ. ಬಿಸಿಲು ಕಡಲ ಕಡೆ ವಾಲುತ್ತಲೇ ಹೆಂಗಸರೆಲ್ಲ ಕಡ್ಡಿಪೊರಕೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದೆವು. ದೀವಿಹಲಸಿನ ಎಲೆ ಒಂದೊಂದೂ ಮೊರದಷ್ಟು ಅಗಲ. ಗುಡಿಸಿ, ಗುಡ್ಡೆ ಹಾಕಿ, ಕಡ್ಡಿ ಗೀರಿದರೆ ಹಸಿಯೆಲೆ ಒಣಎಲೆ ಎಲ್ಲ ಸೇರಿ ನೀಲಿ ಹೊಗೆ ಏಳುತ್ತಿತ್ತು. ಅದು ಮೇಲಕ್ಕೆ ಹೋಗುತ್ತಿರಲಿಲ್ಲ. ಸೊಂಟದ ಎತ್ತರಕ್ಕೆ ನಿಂತು ಮನೆಯಿಂದ ಮನೆಗೆ ಮೆಲ್ಲಗೆ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಹಂದಿಗಳು ಕಾಣುತ್ತಿರಲಿಲ್ಲ, ಅವುಗಳ ಗುರುಗುರು ಮಾತ್ರ ಕೇಳುತ್ತಿತ್ತು. ಇಗರ್ಜಿ ನೆಲ ಬಿಟ್ಟು ತೇಲುತ್ತಿತ್ತು. ಆ ವಾಸನೆಯೆಂದರೆ ನನಗೆ ಪ್ರಾಣ, ಯಾಕೆಂದರೆ ಅದು ನಮ್ಮಮ್ಮನ ಕೂದಲಲ್ಲಿದ್ದ ವಾಸನೆ.

ಆ ಹೊಗೆಯ ಒಳಗಿನಿಂದ ಫಲಾನಿಕೊ ಊದುವ ಶಂಖ ಕೇಳುತ್ತಿತ್ತು. ಮೊದಲ ಶಂಖಕ್ಕೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ ಪ್ರಾರ್ಥನೆ ಶುರು. ಮೂರನೆಯದು ಊದಿದ ಮೇಲೆಯೇ ಮಂಡಿ ಬಿಟ್ಟು ಏಳುವುದು. ಅಲ್ಲಿಯವರೆಗೆ ದಾರಿಯಲ್ಲಿ ಯಾರಾದರೂ ಕಂಡರೆ ದಂಡ, ಅದು ಪಾದ್ರಿಯ ತಮ್ಮನೇ ಆಗಿರಲಿ.

ಫಲಾನಿಕೊನ ಹೆಂಡತಿ ಅಕೆನೆಸೆ. ಅವರ ಮನೆ ನಮ್ಮ ಮನೆಯ ಪಡುವಣಕ್ಕೆ, ನಡುವೆ ಒಂದು ಬಾಳೆಸಾಲು. ದೊಡ್ಡ ಮೈಯ ಹೆಂಗಸು, ನಿಧಾನದ ನಡಿಗೆ, ನಕ್ಕರೆ ಬಾಯಿಗೆ ಕೈ ಅಡ್ಡ. ಮದುವೆಗೆ ಮುಂಚೆ ಒಮ್ಮೆ ಸೋದರತ್ತೆಯ ಮನೆಗೆಂದು ನಮ್ಮೂರಿಗೆ ಬಂದವಳು ಎರಡನೆಯ ಶಂಖವಾದರೂ ಇನ್ನೂ ದಾರಿಯಲ್ಲೇ ಇದ್ದು, ಮರದ ಹಿಂದೆ ಅಡಗಿ ಕೂತಿದ್ದಳಂತೆ. ಆಮೇಲೆ ಮೂರನೆಯದು ಬಂತಂತೆ, ಕಡಲ ಮೇಲೆ ಹೋಗಿ ಹೋಗಿ ಮುಗಿಯದೇ ಇದ್ದ ಒಂದು ಉಸಿರು.

"ಆ ಉಸಿರು ನಿಲ್ಲೋದ್ರೊಳಗೆ ನಾನು ಮದ್ವೆ ಆಗ್ಬಿಟ್ಟಿದ್ದೆ ಕಣೇ ತಿರೇಸಾ. ಊದ್ತಿರೋನ ಮುಖ ನೋಡಿದ್ದು ಆಮೇಲೆ," ಎಂದು ಅವಳು ನನಗೆ ನೂರು ಸಲವಾದರೂ ಹೇಳಿದ್ದಾಳೆ.

"ಮುಖ ಮೊದ್ಲೇ ನೋಡಿದ್ರೆ ಓಡಿ ಹೋಗ್ತಿದ್ದೆ ಬಿಡು," ಎಂದು ನಾನೂ ನೂರು ಸಲ ಹೇಳಿದ್ದೇನೆ.

ಆ ಉಸಿರು ನಲವತ್ತು ವರ್ಷ ಊರನ್ನು ಮಂಡಿಯಿಂದ ಎಬ್ಬಿಸಿತು. ಆಮೇಲೆ ತೊದಲತೊಡಗಿತು. ಮೊದಲೆರಡು ಹೇಗೋ ಬರುತ್ತಿದ್ದವು. ಮೂರನೆಯದು ನಡುವೆ ಮುರಿಯುತ್ತಿತ್ತು. "ಮುದುಕನ ಶಂಖಕ್ಕೆ ನೆಗಡಿ," ಎಂದು ಹುಡುಗರು ಕಿಸಕ್ಕನೆ ನಗುತ್ತಿದ್ದರು. ಊರ ಹಿರಿಯರು ಕೂತು ಮಾತಾಡಿದರು. ಹೀಗೇ ಆದರೆ ಖಾಲಿ ಗ್ಯಾಸ್ ಸಿಲಿಂಡರ್ ಒಂದನ್ನು ಮರಕ್ಕೆ ತೂಗುಹಾಕಿ ಕಬ್ಬಿಣದಲ್ಲಿ ಬಡಿಯುವುದು. ಪಕ್ಕದೂರಲ್ಲಿ ಹಾಗೆಯೇ ಮಾಡಿಕೊಂಡಿದ್ದಾರೆ, ಅದಕ್ಕೆ ಉಸಿರೂ ಬೇಡ, ಊಟವೂ ಬೇಡ. ಸಿಲಿಂಡರ್ ಬಂದೂ ಬಂತು. ಹಿರಿಯನೊಬ್ಬನ ಹಿತ್ತಿಲಲ್ಲಿ ಬಿದ್ದುಕೊಂಡು ತನ್ನ ಸರದಿ ಕಾಯುತ್ತಿತ್ತು. ಅವತ್ತಿನಿಂದ ಫಲಾನಿಕೊ ಊಟದ ಮುಂದೆ ಕೂತು ಸುಮ್ಮನೆ ಕೈ ನೋಡಿಕೊಳ್ಳುತ್ತಿದ್ದ.

ಅದಾದ ವಾರಕ್ಕೆ ಅಕೆನೆಸೆ ತೆಂಗಿನಗರಿಯ ಬುಟ್ಟಿ ಹಿಡಿದು ನನ್ನ ಅಂಗಳಕ್ಕೆ ಬಂದಳು.

"ನಿನ್ನೆಲೆ ಕೊಡೇ."

"ಎಂಥ ಎಲೆ?"

"ಸುಡೋಕೆ ಗುಡಿಸಿದೀಯಲ್ಲ, ಅದೇ. ನನ್ನ ಕೆಸುವಿನ ಗಿಡಕ್ಕೆ ಹಸಿವು."

"ನಿನಗೇ ಒಂದು ಮರ ಇದೆಯಲ್ಲೇ ಆಸೆಬುರುಕಿ!"

"ನನ್ನದು ಸಾಲ್ದು," ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಗುಡಿಸುವ ಕೆಲಸ ನನ್ನದು, ಹೊರುವ ಕೆಲಸ ಅವಳದು. ನನಗೇನು ಕಷ್ಟ? ಕೊಟ್ಟೆ. ಮರುದಿನವೂ ಬಂದಳು, ಅದರ ಮರುದಿನವೂ. ನಮ್ಮ ಆಚೆಗಿನ ಇನ್ನೂ ನಾಲ್ಕು ಮನೆಗೆ ಹೋದಳು. ಎಲ್ಲವನ್ನೂ ಹಿತ್ತಿಲಿಗೆ ಹೊತ್ತು ಕೆಸುವಿನ ಬುಡಕ್ಕೆ ಹರಡುತ್ತಿದ್ದಳು, ಮಿಕ್ಕದ್ದನ್ನು ಗುಡ್ಡೆ ಮಾಡಿ ಮೇಲೆ ಮಣ್ಣು ಹಾಕುತ್ತಿದ್ದಳು. ಭಾನುವಾರ ನಮ್ಮಲ್ಲಿ ಅಡುಗೆ ನೆಲದ ಗುಂಡಿಯಲ್ಲಿ, ಕಾದ ಕಲ್ಲುಗಳ ಮೇಲೆ. ಬೆಳಗಿನ ಜಾವ ಆ ಒಲೆಗುಂಡಿಗೆ ಕಲ್ಲು ಕಾಯಿಸಲು ನಾನು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲಕ್ಕೆ ಬೆಂಕಿ ಹಚ್ಚುವುದು ರೂಢಿ, ಬೇಗ ಹತ್ತಿಕೊಳ್ಳುತ್ತದೆ. ಅದನ್ನೂ ಕೈಯಿಂದ ಕಿತ್ತುಕೊಂಡು ಒಂದು ಹಿಡಿ ಒಣ ತೆಂಗಿನ ನಾರು ಇಟ್ಟು ಹೋದಳು. ಕೊನೆಗೆ, "ಎರಡು ಮನೆಗೆ ಎರಡು ಒಲೆಗುಂಡಿ ಯಾಕೆ, ಒಂದ್ರಲ್ಲೇ ಬೇಯಿಸ್ಕೊಳ್ಳೋಣ," ಎಂದಳು. ಮುಪ್ಪಿಗೆ ಜಿಪುಣತನ ಹತ್ತಿದೆ ಎಂದುಕೊಂಡೆ. ಭಾನುವಾರ ಹೊಗೆಯಾಡದ ಮನೆಯನ್ನು ನಮ್ಮಲ್ಲಿ ಸೋಮಾರಿ ಮನೆ ಎನ್ನುತ್ತಾರೆ. ಆ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಈ ನಡುವೆ ಮೂರನೆಯ ಶಂಖ ನೆಟ್ಟಗಾಗಿತ್ತು. ಮೊದಲಿನ ಉದ್ದ ಇಲ್ಲದಿದ್ದರೂ ಮುರಿಯುತ್ತಿರಲಿಲ್ಲ. ಯಾವುದೋ ಸೊಪ್ಪಿನ ಮದ್ದು ಹಿಡಿಯಿತು ಎಂದು ಊರು ತಿಳಿಯಿತು. ನನಗಾದರೂ ಬೇರೇನು ಹೊಳೆದೀತು?

ತಿಂಗಳಿಗೊಮ್ಮೆ ನಮ್ಮ ಹೆಂಗಸರ ಸಮಿತಿ ಮನೆಮನೆಯ ಅಂಗಳ ನೋಡಲು ಹೊರಡುತ್ತದೆ. ಆ ಸಲ ಮುಂದೆ ನಡೆದವಳು ನಾನು. ಸಮಿತಿಯ ಬಿಳಿ ಅಂಗಿ ಹಾಕಿಕೊಂಡರೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಅದೊಂದು ರೋಗ. ಅಕೆನೆಸೆಯ ಹಿತ್ತಿಲ ಗುಡ್ಡೆಯನ್ನು ಕೋಲಿನಿಂದ ಕೆದಕಿದೆ. ಒಂದು ಗೇಣುದ್ದದ ಜರಿಹುಳ ಸರಸರ ಸರಿದುಹೋಯಿತು.

"ಇದು ಅಂಗಳವೋ, ಜರಿಗಳ ಅಂತಃಪುರವೋ?" ಎಂದೆ. ಹೆಂಗಸರೆಲ್ಲ ನಕ್ಕರು. "ಎಂಟು ಡಬ್ಬಿ ಮೀನು ದಂಡ. ಬೇರೆಯವರ ಮನೆ ಕಸ ತರೋದೂ ಇವತ್ತಿಗೆ ಸಾಕು."

ಅಕೆನೆಸೆ ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ಗಂಡನ ಕಡೆ ಒಮ್ಮೆ ನೋಡಿ, "ಆಯ್ತು," ಎಂದಳು, ಅಷ್ಟೇ.

ಮರುದಿನ ಬುಟ್ಟಿ ಬರಲಿಲ್ಲ. ನಾನು ಕಡ್ಡಿ ಗೀರಿದೆ. ಆಚೆಯ ನಾಲ್ಕು ಮನೆಯವರೂ ಗೀರಿದರು. ಬಹಳ ದಿನದ ಮೇಲೆ ನೀಲಿ ಹೊಗೆ ಅಂಗಳಕ್ಕೆ ಇಳಿಯಿತು. ನಾನು ಅದರ ನಡುವೆ ಕಣ್ಣುಮುಚ್ಚಿ ನಿಂತೆ. ಅಮ್ಮ ಪಕ್ಕದಲ್ಲೇ ಸುಳಿದು ಹೋದಂತಾಯಿತು. ಹಿತವಾಗಿತ್ತು, ಯಾಕೆ ಸುಳ್ಳು ಹೇಳಲಿ?

ಮೂರನೆಯ ಸಂಜೆ ನಾವು ಪ್ರಾರ್ಥನೆ ಮುಗಿಸಿ ಕಾಯುತ್ತಾ ಕೂತೆವು. ಶಂಖ ಇಲ್ಲ. ಇಡೀ ಊರು ಮಂಡಿಯೂರಿದೆ, ಎದ್ದೇಳು ಎನ್ನುವವರಿಲ್ಲ. ದೀಪಗಳು ಹೊಗೆಯೊಳಗೆ ಹಳದಿ ಹೂಗಳಂತೆ ಕಾಣುತ್ತಿದ್ದವು. ಎಲ್ಲೋ ಮಗುವೊಂದು ಅತ್ತು ತಾನೇ ಸುಮ್ಮನಾಯಿತು. ಹೊತ್ತು ನಿಂತೇಹೋಗಿದೆ, ನಾವೆಲ್ಲ ಹೀಗೇ ಕನಸಿನಲ್ಲಿ ಕೂತಿರುತ್ತೇವೆ ಅನಿಸಿತು. ಫಲಾನಿಕೊನಿಗೆ ಏನಾಯಿತೋ ಎಂದುಕೊಂಡೆ. ಎದ್ದೆ. ಗಂಡ ಕೈ ಹಿಡಿದು ಎಳೆದರೂ ಕೇಳದೆ ಅಂಗಳಕ್ಕೆ ಇಳಿದೆ.

ಆಗ ಕಂಡಿತು. ಮೂಡಣದ ಗಾಳಿ ನನ್ನ ಗುಡ್ಡೆಯ ಹೊಗೆಯನ್ನು ಎತ್ತಿಕೊಂಡು ಬಾಳೆಸಾಲು ದಾಟಿಸಿ ನೇರ ಅವರ ಮನೆಯೊಳಕ್ಕೆ ಸುರಿಯುತ್ತಿತ್ತು. ಅದರ ಹಿಂದೆ ಆ ನಾಲ್ಕು ಮನೆಯದು. ಬುಟ್ಟಿ ಹೋಗಿದ್ದುದು ಈ ಐದು ಮನೆಗೇ. ಬೇರೆ ಯಾವ ಮನೆಯ ಎಲೆಯನ್ನೂ ಅಕೆನೆಸೆ ಕೇಳಿರಲಿಲ್ಲ.

ಓಡಿದೆ. ಫಲಾನಿಕೊ ಮೆಟ್ಟಿಲ ಮೇಲೆ ಬಾಗಿ ಕೂತಿದ್ದ, ತೊಡೆಯ ಮೇಲೆ ಶಂಖ. ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವವನ ಹಾಗೆ ಎಳೆಯುತ್ತಿದ್ದ. ಅಕೆನೆಸೆ ಬೀಸಣಿಗೆಯಲ್ಲಿ ಹೊಗೆಯನ್ನು ಅತ್ತ ತಳ್ಳುತ್ತಲೇ ಇದ್ದಳು.

"ಹೇಳ್ಬಾರ್ದಿತ್ತೇನೇ ನಿಂಗೆ? ಒಂದ್ ಮಾತು ಹೇಳ್ಬಾರ್ದಿತ್ತಾ?" ನನಗೆ ಅಳು ಬಂದಿತ್ತು.

"ಹೇಳಿದ್ರೆ ನೀನು ಸುಡೋದು ಬಿಡ್ತಿದ್ದೆ. ಗೊತ್ತು," ಎಂದಳು, ಬೀಸುವುದನ್ನು ನಿಲ್ಲಿಸದೆ. "ಆಮೇಲೆ ಐದೂ ಮನೆಯೋರು ದಿನಾ ಇವನನ್ನ ಅಯ್ಯೋ ಪಾಪ ಅಂತ ನೋಡ್ತಿದ್ರಿ. ಉಸಿರಿಲ್ದೆ ಹೇಗೋ ಇದ್ದಾನು, ಅದನ್ನ ತಡ್ಕೊಳ್ಳೋನಲ್ಲ ಇವನು. ಹೋಗು, ಮೊದ್ಲು ನೀರು ಹಾಕು."

ಹೋದೆ. ನನ್ನ ಬೆಂಕಿಗೆ ಸುರಿದೆ, ಆ ನಾಲ್ಕು ಅಂಗಳಕ್ಕೂ ನುಗ್ಗಿ ಸುರಿದೆ. ಮಂಡಿಯೂರಿದ ಹೆಂಗಸರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು, ಏಳುವಂತಿಲ್ಲವಲ್ಲ! ಹೊಗೆ ಕರಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ, ಗಿಡ್ಡದಾಗಿ, ನಡುಗುತ್ತಾ, ಆದರೆ ಮುರಿಯದೆ, ಮೂರನೆಯ ಶಂಖ ಬಂತು. ಊರು ಎದ್ದು ನಿಂತಿತು.

ಪ್ರಾರ್ಥನೆಯ ಹೊತ್ತಿನಲ್ಲಿ ದಾರಿಗೆ ಇಳಿದದ್ದಕ್ಕೆ ನನಗೂ ಎಂಟು ಡಬ್ಬಿ ಮೀನು ದಂಡ ಬಿತ್ತು. ಕೊಟ್ಟೆ. ಅಕೆನೆಸೆಯ ದಂಡವನ್ನೂ ನಾನೇ ಕೊಟ್ಟೆ. ಸಮಿತಿಯ ಮುಂದೆ ಹೋಗಿ ಫಲಾನಿಕೊನ ಸುದ್ದಿ ಎತ್ತದೆ, "ನನ್ನ ಕೆಸುವಿಗೂ ಹಸಿವು, ಇನ್ನು ಎಲೆ ಸುಡೋದಿಲ್ಲ, ಗುಡ್ಡೆಗೆ ಮುಚ್ಚಳ ಮಾಡ್ತೀನಿ, ಜರಿ ಬಂದ್ರೆ ನನ್ನನ್ನೇ ಕಚ್ಚಲಿ," ಎಂದೆ. ಆ ನಾಲ್ಕು ಮನೆಯವರೂ ಹಾಗೆಯೇ ಅಂದರು. ಯಾರೂ ಯಾರಿಗೂ ಏನೂ ಹೇಳಿಕೊಡಲಿಲ್ಲ. ಸಿಲಿಂಡರಿನ ನೆರಳಲ್ಲಿ ಈಗ ಒಂದು ಕೋಳಿ ಮೊಟ್ಟೆಯಿಡುತ್ತದೆ.

ಆ ವಾಸನೆ ನನಗೆ ಇಂದಿಗೂ ನೆನಪಾಗುತ್ತದೆ, ಅಮ್ಮನೂ. ಆದರೆ ಹೊಗೆಯಿಲ್ಲದ ಸಂಜೆಯಲ್ಲಿ ಬಾಳೆಸಾಲಿನ ಆಚೆ ಎಲ್ಲ ಕಾಣುತ್ತದೆ. ಫಲಾನಿಕೊ ಮೆಟ್ಟಿಲ ಮೇಲೆ ನಿಂತು ಮೂರನೆಯ ಶಂಖಕ್ಕೆ ಬಾಯಿ ಇಡುತ್ತಾನೆ. ಅವನ ಬೆನ್ನ ಹಿಂದೆ ಅಕೆನೆಸೆ ಕಣ್ಣುಮುಚ್ಚಿ ಎದೆಯ ತುಂಬ ಉಸಿರು ಎಳೆದುಕೊಳ್ಳುತ್ತಾಳೆ. ಶಂಖ ಮುಗಿಯುವವರೆಗೆ ಅವಳೂ ಅದನ್ನು ಬಿಡುವುದಿಲ್ಲ.