ಇಸೊಬೆಲ್ ಫ್ಲೆಟ್‌ಳ ಚಾಕು

ಆ ವಾರ ಗಿಲ್ಬರ್ಟ್ ಮೇರ್ ಕೂತು ಚಹಾ ಕುಡಿದದ್ದನ್ನು ನಾನು ನೋಡಲಿಲ್ಲ. ನಾನು ಪಕ್ಕದ ಮನೆಯವಳು. ಗೋಡೆಯಾಚೆ ಅವನ ಹೆಜ್ಜೆ ಕೇಳುತ್ತಲೇ ಇತ್ತು. ಬಂದರಿನ ಕಟ್ಟೆಯ ತುದಿಯವರೆಗೆ ಹೋಗುತ್ತಿದ್ದ, ಸಮುದ್ರವನ್ನೂ ನೋಡದೆ ತಿರುಗಿ ಬರುತ್ತಿದ್ದ. ಒಂದು ಕೈ ಸದಾ ಕೋಟಿನ ಜೇಬಿನಲ್ಲಿ. ಅಲ್ಲಿ ಅವನ ಅಜ್ಜಿಯ ಚಾಕು ಇತ್ತು, ಹೆರಿಂಗ್ ಮೀನಿನ ಕರುಳು ತೆಗೆಯುವ ಗಿಡ್ಡ ಚಾಕು.

ಅವನನ್ನು ಸಾಕಿದವಳೇ ಆ ಅಜ್ಜಿ, ಇಸೊಬೆಲ್ ಫ್ಲೆಟ್. ದೋಣಿಗಳು ಹೋದ ಬಂದರಿಗೆಲ್ಲ ಹೋಗಿ, ಉಪ್ಪು ಬೆರಳು ತಿನ್ನದಿರಲೆಂದು ಹಿಟ್ಟಿನ ಚೀಲದ ಬಟ್ಟೆ ಸುತ್ತಿಕೊಂಡು, ಮೂವತ್ತು ವರ್ಷ ಮೀನು ಸೀಳಿದವಳು. ಅವರಿಬ್ಬರ ಸಮಾಧಿಯ ಕಲ್ಲಿನಲ್ಲಿ ಅಜ್ಜನ ಹೆಸರಿದೆ, ಕೆಳಗೆ ‘ಬೆಸ್ತ’ ಎಂದೂ ಇದೆ. ಅಜ್ಜಿಯ ಹೆಸರೇ ಇಲ್ಲ. ಅದನ್ನು ಕಸುಬಿನ ಸಮೇತ ಕೆತ್ತಿಸಬೇಕೆಂದು ಗಿಲ್ಬರ್ಟ್ ಹಟ ಹಿಡಿದಿದ್ದ. ಕಲ್ಲುಕುಟಿಗ ಶುಕ್ರವಾರ ಬರುವವನಿದ್ದ.

ಹುಟ್ಟಿದ ವರ್ಷ ಖಚಿತ ಮಾಡಿಕೊಳ್ಳಲು ಪಟ್ಟಣದ ಕಚೇರಿಗೆ ಹೋಗಿ ಹಳೆಯ ಜನನ-ಮರಣ ದಾಖಲೆ ತೆಗೆಸಿದ. 1888ರ ಹುಟ್ಟುಗಳಲ್ಲಿ ಇಸೊಬೆಲ್ ಸಿಕ್ಕಳು. ಅವಳದೇ ತಂದೆ, ತಾಯಿ, ಅದೇ ಬೀದಿ. ಆದರೆ ಅವಳ ಸಾವೂ ಸಿಕ್ಕಿತು: ವಯಸ್ಸು ಎರಡು, ನಾಯಿಕೆಮ್ಮು.

ನನ್ನ ಹೊಸಿಲಲ್ಲಿ ನಿಂತೇ ಹೇಳಿದ: “ಹಂಗಾದ್ರೆ ನನ್ನ ಸಾಕಿದೋಳು ಯಾರು? ಸತ್ತ ಮಗೀನ ಹೆಸರಿಟ್ಟು ಯಾರನ್ನೋ ತಂದು ಸಾಕ್ಕೊಂಡ್ರೇನೋ. ಗೊತ್ತಿಲ್ದೋಳ ಹೆಸರು ಕಲ್ಲಲ್ಲಿ ಹೆಂಗೆ ಕೆತ್ತಿಸ್ಲಿ?”

ಕೆಲಸ ಬೇಡವೆಂದು ಕಲ್ಲುಕುಟಿಗನಿಗೆ ಹೇಳಿಬಿಡುತ್ತೇನೆಂದ. ಒಂದು ಗಳಿಗೆ ಪ್ರಾರ್ಥಿಸಿ, ಅವನನ್ನು ದಿಬ್ಬದ ಮೇಲಿನ ನೆಟ್ಟಾ ಪಿರಿಯ ಮನೆಗೆ ಕರೆದೊಯ್ದೆ. ತೊಂಬತ್ತಮೂರರ ನೆಟ್ಟಾ ಹರೆಯದಲ್ಲಿ ಇಸೊಬೆಲ್ ಸೀಳಿದ ಮೀನನ್ನು ಪೀಪಾಯಿಗೆ ತುಂಬಿದವಳು.

ಓಟ್ಸ್ ರೊಟ್ಟಿಗೆ ಬೆಣ್ಣೆ ಸವರುತ್ತಲೇ ಎಲ್ಲ ಕೇಳಿಸಿಕೊಂಡಳು.

“ಸಾವು ಸಿಕ್ತು ಅಂತೀಯ. ಅದರ ಮುಂದಿನ ವರ್ಷದ ಹುಟ್ಟು ನೋಡಿದ್ಯೇನೋ ಹುಡುಗಾ?”

ಎಪ್ಪತ್ತು ದಾಟಿದ ಹುಡುಗ ಇಲ್ಲವೆಂದು ತಲೆಯಾಡಿಸಿದ. ಸಾವು ಕಂಡಕೂಡಲೇ ಹುಡುಕುವುದನ್ನು ಬಿಟ್ಟಿದ್ದ.

“ಮೊದಲ ಮಗಳಿಗೆ ತಾಯಿಯ ತಾಯಿ ಹೆಸರು. ಆ ಮಗು ಹೋಯ್ತು ಅಂತ ಹೆಸರನ್ನ ಬೀದೀಲಿ ಬಿಡ್ತಾರಾ? ಆಮೇಲೆ ಹುಟ್ಟಿದೋಳು ಹೊತ್ಕೋತಾಳೆ. ಸತ್ತೋರ ಬಾಗಿಲು ಬಡಿಯೋಕೆ ಮುಂಚೆ ನನ್ನ ಬಾಗಿಲು ಬಡೀಬೇಕಿತ್ತು.”

ಈ ಪದ್ಧತಿ ಅವನಿಗೆ ಗೊತ್ತಿಲ್ಲದ್ದಲ್ಲ. ನಮ್ಮ ತೀರದಲ್ಲಿ ಯಾರಿಗೆ ಗೊತ್ತಿಲ್ಲ? ಸ್ವಂತ ಅಜ್ಜಿಗೆ ಅದನ್ನು ಅನ್ವಯಿಸಲು ಹೊಳೆದಿರಲಿಲ್ಲ, ಅಷ್ಟೇ. ಅವನು ಆಗಲೇ ಬಾಗಿಲಿಗೆ ಹೊರಟಿದ್ದ.

ನೆಟ್ಟಾ ರೊಟ್ಟಿ ಕೆಳಗಿಟ್ಟಳು. “ನೀನೂ ಹಂಗೇ ಅಲ್ವಾ. ನಿನಗಿಂತ ಮುಂಚಿನ ಗಿಲ್ಬರ್ಟ್ ಹನ್ನೊಂದು ದಿನ ಇದ್ದ. ನಾನು ಎತ್ಕೊಂಡಿದ್ದೆ. ನಿಮ್ಮಮ್ಮ ಹೇಳಿರಲಿಲ್ವಾ?”

ಆ ವಾರದಲ್ಲಿ ಮೊದಲ ಸಲ ಗಿಲ್ಬರ್ಟ್ ಕೂತ. ಚಾಕು ಹೊರತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ಗುರುವಾರ ದಾಖಲೆಯಲ್ಲಿ 1891ರ ಇಸೊಬೆಲ್ ಸಿಕ್ಕಳು. ಶುಕ್ರವಾರ ಕಲ್ಲಿನ ಮೇಲೆ ಇಬ್ಬರ ಹೆಸರೂ ಬಂತು: ಎರಡು ವರ್ಷದವಳು ಮೊದಲು, ಅವಳ ಕೆಳಗೆ ‘ಮೀನು ಸೀಳುತ್ತಿದ್ದ’ ಇಸೊಬೆಲ್ ಫ್ಲೆಟ್.

ಇನ್ನು ಈ ಮನುಷ್ಯ ನೆಮ್ಮದಿಯಾಗಿ ಚಹಾ ಕುಡಿಯುತ್ತಾನೆಂದುಕೊಂಡು ಒಲೆಯ ಮೇಲೆ ನೀರಿಟ್ಟೆ. ಗೋಡೆಯಾಚೆ ಮತ್ತೆ ಹೆಜ್ಜೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಬಂದು ಹೊಸಿಲಲ್ಲೇ ನಿಂತ.

“ಹನ್ನೊಂದು ದಿನದ ಕೂಸನ್ನ ಎಲ್ಲಿ ಮಣ್ಣು ಮಾಡಿರ್ತಾರೆ?” ಎಂದ. “ಪಟ್ಟಣಕ್ಕೆ ನಾಳೆ ಮೊದಲ ಬಸ್ಸು ಎಷ್ಟೊತ್ತಿಗೆ?”