ಚಿಕ್ಕವ್ವ ಕುಂಕುಮ ಇಟ್ಟ ಸೀಡಿ

ಇವತ್ತು ಆಯುಧಪೂಜೆ. ಬೆಳಿಗ್ಗೆಯಿಂದ ಮನೆಯೆಲ್ಲ ನೀರಲ್ಲಿ ಕಲಸಿದ ವಿಭೂತಿಯ ವಾಸನೆ. ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದು, ನನ್ನ ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕ್ ತೋರಿಸಿ, "ಇದಕ್ಕೆ ಎಲ್ಲಿಡ್ಲಿ?" ಎಂದಳು. ಪ್ರತಿವರ್ಷ ಹೇಳುವುದನ್ನೇ ಹೇಳಿದೆ: "ಇದೊಂದನ್ನ ಬಿಟ್ಬಿಡು." ಯಾಕೆ ಎಂದು ಅವಳು ಕೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು. ನಾನೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಹೊತ್ತು ಹೊತ್ತು ಸಾಕಾಗಿದೆ.

ನಾನು ನಕಲು ಮಾಡಿ ಮಾಡಿ ದಣಿದ ಮನುಷ್ಯ. ಮನೆಗೆ ಒಂದು ಫೋಟೋ ಬಂದರೆ ಮೂರು ಕಡೆ ಇಡುತ್ತೇನೆ. ಇಟ್ಟಮೇಲೆ ಮೂರನ್ನೂ ತೆರೆದು ನೋಡುತ್ತೇನೆ. ಮಾರನೆಯ ದಿನ ಅನುಮಾನ ಬಂದು ಮತ್ತೆ ನೋಡುತ್ತೇನೆ. ಮಕ್ಕಳು ಇದನ್ನು ಅಪ್ಪನ ಸಂಧ್ಯಾವಂದನೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಈ ರೋಗ ಅಂಟಿದ್ದು ಯಳಂದೂರಿನ ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಅವರಿಗೆ ಹಿಡಿದ ಹುಚ್ಚು ಹೊಲದ ಹೆಸರುಗಳದ್ದು. ನಮ್ಮ ಕಡೆ ಒಂದೊಂದು ಹೊಲಕ್ಕೂ ಒಂದು ಹೆಸರಿದೆ ತಾನೆ? ಎಮ್ಮೆ ಬಿದ್ದ ಹೊಲ, ಸೊಸೆ ಮುನಿದ ತಿಟ್ಟು, ಆನೆ ನಿಂತ ಕಟ್ಟೆ. ಚಿಕ್ಕಪ್ಪ ಬಸ್ಸು ಹತ್ತಿ ಒಡೆಯರಪಾಳ್ಯ, ಮಾರ್ಟಳ್ಳಿವರೆಗೂ ಹೋಗಿ ಕೇಳಿ ಬರೆದುಕೊಂಡು ಬರುತ್ತಿದ್ದರು. ಮಾರ್ಟಳ್ಳಿಯ ಹೆಸರುಗಳು ಅರ್ಧ ತಮಿಳು. ಅಲ್ಲಿ ಹೊಲವನ್ನೂ ಕಾಡು ಎನ್ನುವವರಿದ್ದಾರೆ ಎಂದು ಒಂದು ವಾರ ಅದನ್ನೇ ಹೇಳಿಕೊಂಡು ಓಡಾಡಿದ್ದರು. ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ಸಿಟ್ಟು. "ಒಲ ಮಾರೋಯ್ತದೆ, ಸೈಟಾಯ್ತದೆ. ಎಸ್ರು ಎಲ್ಲಿ ಉಳೀತದ್ಲಾ?"

ಅವರಿಗೆ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನೇ. ನಾನಾಗ ಕೊಳ್ಳೇಗಾಲದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಆರು ತಿಂಗಳ ಕೋರ್ಸು ಮುಗಿಸಿ, ಏಳನೆಯ ತಿಂಗಳು ಅಲ್ಲೇ ಮೇಷ್ಟ್ರಾಗಿದ್ದೆ. ನೆಂಟರಿಷ್ಟರಲ್ಲಿ ಯಾರ ಮನೆಯ ಟಿ.ವಿ. ಕೆಟ್ಟರೂ ನನಗೇ ಹೇಳಿಕಳಿಸುವಷ್ಟು ನನ್ನ ಕೀರ್ತಿ ಹಬ್ಬಿತ್ತು.

ಚಿಕ್ಕಪ್ಪ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದರು. ಪುಸ್ತಕ ನೋಡಿದರೆ ಕೀ ತಪ್ಪುತ್ತಿತ್ತು, ಕೀ ನೋಡಿದರೆ ಪುಸ್ತಕದ ಸಾಲು ತಪ್ಪುತ್ತಿತ್ತು. ಹಾಗಾಗಿ ಚಿಕ್ಕವ್ವ ಪಕ್ಕದಲ್ಲಿ ಕೂತು ಒಂದೊಂದೇ ಹೆಸರನ್ನು ಓದಿ ಹೇಳುವಳು. ಒಂದು ನೋಟ್‌ಬುಕ್ ಮುಗಿದರೆ ಚಿಕ್ಕಪ್ಪ ಅದನ್ನು ಬಚ್ಚಲ ಒಲೆಗೆ ಹಾಕುತ್ತಿದ್ದರು. "ಗೆದ್ಲು ತಿನ್ನೋ ಕಾಗ್ದ ಇನ್ಯಾಕ್ಲಾ?" ಎಂದು ಆ ಬೆಂಕಿಯಲ್ಲಿ ಕಾದ ನೀರನ್ನು ಖುಷಿಯಿಂದ ಹುಯ್ದುಕೊಂಡವರು ಅವರು. ನಾನೂ ತಲೆಯಾಡಿಸಿದ್ದೆ.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಇರಬೇಕು, ಕಂಪ್ಯೂಟರಿನೊಳಗೆ ಲೊಟಕ್ ಲೊಟಕ್ ಎಂದು ಸದ್ದು ಶುರುವಾಯಿತು. ಹಾರ್ಡ್ ಡಿಸ್ಕ್ ಬಿಚ್ಚಿ, ಚಿಕ್ಕವ್ವನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಒಯ್ದೆ. ಸೀಡಿ ಬರೆಯುವ ಮಿಷನ್ ಇದ್ದದ್ದು ನಮ್ಮ ಸೆಂಟರಿನಲ್ಲಿ. ಡಿಸ್ಕನ್ನು ಅಲ್ಲಿಯ ಕಂಪ್ಯೂಟರಿಗೆ ಸಿಕ್ಕಿಸಿದಾಗ, ಚಿಕ್ಕಪ್ಪ ದಿನಾ ಒತ್ತುತ್ತಿದ್ದ 'ಹೊಲದ ಹೆಸರು' ಎಂಬ ಹಳದಿ ಚಿತ್ರ ಕಂಡಿತು. ಅದನ್ನೇ ಹಿಡಿದು ಸೀಡಿಗೆ ಹಾಕಿದೆ. ನಿಮಿಷದೊಳಗೆ ಮುಗಿಯಿತು. ನಮ್ಮ ಮಿಷನ್ನೇ ಅಂಥಾದ್ದು ಎಂದು ಬೀಗಿದೆ. ತೆರೆದು ನೋಡಲಿಲ್ಲ.

ಹಾರ್ಡ್ ಡಿಸ್ಕನ್ನು ಮತ್ತೆ ಕೂರಿಸಿ, ಸೀಡಿಯನ್ನು ಚಿಕ್ಕವ್ವನ ಕೈಗೆ ಕೊಟ್ಟೆ. "ಜ್ವಾಪಾನ ಚಿಕ್ಕವ್ವ. ಮಿಷನ್ ಕೆಟ್ರೆ ಇದೇ ಗತಿ." ಅವಳು ಅದನ್ನು ದೇವರ ಗೂಡಿನಲ್ಲಿ ಇಟ್ಟಳು.

ಆಮೇಲೆ ಬಂತು ಆಯುಧಪೂಜೆ. ಮಚ್ಚು, ಈಳಿಗೆಮಣೆ, ಹೊಲಿಗೆ ಮಿಷನ್, ಸ್ಕೂಟರು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಕುಂಕುಮ ಬಿತ್ತು. ಗೂಡಿನಲ್ಲಿದ್ದ ಸೀಡಿಯನ್ನು ಅವಳು ಹೇಗೆ ಬಿಟ್ಟಾಳು?

ಕಾರ್ತಿಕದಲ್ಲಿ ಹಾರ್ಡ್ ಡಿಸ್ಕ್ ಪೂರಾ ನಿಂತಿತು. ನಾನು ಹೊಸದೊಂದನ್ನು ತಂದು ಹಾಕಿ, ಗತ್ತಿನಿಂದ ಸೀಡಿ ಕೇಳಿ ತೂರಿಸಿದೆ. ಅದು ಒಳಗೆ ಗರಗರ ತಿರುಗಿತು, ಏನೂ ಬರಲಿಲ್ಲ. ಹೊರಗೆ ತೆಗೆದರೆ ಹೊಳೆಯುವ ಕಡೆಗೇ ಮೂರು ಗೆರೆ ವಿಭೂತಿ, ನಡುವೆ ಒಣಗಿದ ಕುಂಕುಮ.

"ನೀನಾಮ್ಮೀ ಇಕ್ಕಿದ್ದು?" ಎಂದರು ಚಿಕ್ಕಪ್ಪ.

"ಆಯ್ದಪೂಜೆ ಅಲ್ವ್ರಾ... ಎಲ್ಲಾಕು ಇಕ್ದೆ. ಆ ಕಡೆ ವಳೀತಿತ್ತು, ಅಲ್ಲೇ ಇಕ್ದೆ."

"ಆರು ವರ್ಸದ ಗೇಯ್ಮೆ ಕಣಮ್ಮೀ." ಅಷ್ಟೇ ಅಂದರು. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

ತೊಳೆದು ನೋಡುತ್ತೇನೆ ಎಂದು ಸೀಡಿಯನ್ನು ಕೊಳ್ಳೇಗಾಲಕ್ಕೆ ತಂದೆ. ಸೆಂಟರಿನ ಹಿಂದಿನ ನಲ್ಲಿಯಲ್ಲಿ ಸೋಪು ಹಚ್ಚಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಹಾಕಿದೆ. ತೆರೆದುಕೊಂಡಿತು! ಕುಂಕುಮ ಅದಕ್ಕೆ ಏನೂ ಮಾಡಿರಲಿಲ್ಲ. ಆದರೆ ಒಳಗೆ ಹೊಲವೂ ಇರಲಿಲ್ಲ, ಹೆಸರೂ ಇರಲಿಲ್ಲ. ಇದ್ದದ್ದು ಒಂದು ಶಾರ್ಟ್‌ಕಟ್. ಅಂದರೆ ಬರೆದದ್ದೆಲ್ಲ ಡಿಸ್ಕಿನಲ್ಲಿ ಎಲ್ಲಿದೆ ಎಂದು ದಾರಿ ತೋರಿಸುವ ಗುರುತು ಮಾತ್ರ. ಹನೂರು ಎಂದು ಬರೆದ ಬೋರ್ಡು ಕಿತ್ತುಕೊಂಡು ಬಂದು, ಊರನ್ನೇ ತಂದೆ ಎಂದುಕೊಂಡಿದ್ದೆ. ಇವೆರಡರ ವ್ಯತ್ಯಾಸವನ್ನು ನಾನೇ ನನ್ನ ವಿದ್ಯಾರ್ಥಿಗಳಿಗೆ ಎರಡನೆಯ ವಾರ ಪಾಠ ಮಾಡುತ್ತಿದ್ದೆ.

ಮುಂದಿನ ಭಾನುವಾರ ಹೇಳಿಬಿಡಬೇಕೆಂದೇ ಯಳಂದೂರಿಗೆ ಹೋದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಜಗಲಿ ಹತ್ತುತ್ತಿದ್ದಂತೆ ಚಿಕ್ಕಪ್ಪ, "ಆಗ್ನಿಲ್ವಾ?" ಎಂದರು. ಚಿಕ್ಕವ್ವ ಬಾಗಿಲಲ್ಲೇ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. "ಆಗ್ನಿಲ್ಲ ಚಿಕ್ಕಪ್ಪ," ಎಂದೆ. ಸುಳ್ಳೇನೂ ಅಲ್ಲ ನೋಡಿ. ಚಿಕ್ಕವ್ವ ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ನಾನು ಕುಡಿದೆ. ನಾಚಿಕೆಗೆಟ್ಟವನು, ಪೂರ್ತಿ ಕುಡಿದೆ.

ಆಮೇಲೆ ಅವಳು ಅವರೆಕಾಯಿ ಸುಲಿಯುತ್ತಾ, ಒಲೆ ಊದುತ್ತಾ, ನೆನಪಾದ ಹೆಸರುಗಳನ್ನು ಹೇಳತೊಡಗಿದಳು. "ಸೊಸೆ ಮುನ್ದ ತಿಟ್ಟು. ಬರ್ಕೊಳಿ." ಚಿಕ್ಕಪ್ಪ ಬರೆದುಕೊಂಡರು. ಒಂದು ನೋಟ್‌ಬುಕ್ಕಿನಷ್ಟು ತುಂಬಿತು, ಆಮೇಲೆ ನಿಂತಿತು. ಮತ್ತೆ ಊರೂರು ತಿರುಗುವ ಕಸುವು ಅವರಿಗೂ ಇರಲಿಲ್ಲ. ಸಿಟ್ಟು ಇಳಿದ ಮೇಲೆ ಅದು ಮನೆಯ ತಮಾಷೆಯಾಯಿತು. ಬಂದವರ ಮುಂದೆಲ್ಲ, "ನಮ್ಮೋಳು ಕುಂಕ್ಮ ಇಕ್ಕಿ ಇಡೀ ಸೀಮೆ ಒಲ ನುಂಗ್ಬುಟ್ಲು" ಎನ್ನುವರು. ಎಲ್ಲರೂ ನಗುವರು. ಚಿಕ್ಕವ್ವ ತಲೆ ತಗ್ಗಿಸಿಕೊಂಡು ನಗುವಳು. ನಾನು ಗೋಡೆ ನೋಡುತ್ತಿದ್ದೆ.

ಚಿಕ್ಕಪ್ಪ ಹೋಗಿ ಕೆಲವು ವರ್ಷವಾಯಿತು. ಚಿಕ್ಕವ್ವ ಈಗ ಹನೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಇವತ್ತು ಇಷ್ಟು ಬರೆಯುವ ಹೊತ್ತಿಗೆ ತಡೆಯಲಾಗಲಿಲ್ಲ. ಫೋನು ಮಾಡಿದೆ.

"ಚಿಕ್ಕವ್ವ, ಆ ಸೀಡಿ ನಿನ್ ಕುಂಕುಮದಿಂದ ಕೆಡ್ನಿಲ್ಲ. ಅದ್ರೊಳ್ಗೆ ನಾನು ಏನೂ ಆಕೇ ಇರ್ನಿಲ್ಲ."

ಆ ಕಡೆ ಯಾರೋ ಪೂಜೆಯ ಗಂಟೆ ಆಡಿಸುತ್ತಿದ್ದರು. ಅದು ನಿಂತ ಮೇಲೆ ಕೇಳಿದಳು:

"ನಿಂಗ್ ಯಾವಾಗ ಗೊತ್ತಾಯ್ತು?"

"ಅವತ್ತೇ. ತೊಳ್ದಾಗ್ಲೇ."

"ಅವ್ರು ಇದ್ದಾಗ ಯೋಳ್ಬೇಕಿತ್ತು ಕಣಪ್ಪ. ಓಗೋ ಗಂಟ ಅಂಗೇ ಅನ್ಕಂಡ್ ಓದ್ರು." ಬೈಗುಳ ಇರಲಿಲ್ಲ, ಸುಸ್ತು ಇತ್ತು. ಫೋನು ಇಡುವ ಮುಂಚೆ ಅಂದಳು: "ಅವತ್ನಿಂದ ಆಯ್ದಪೂಜೇಲಿ ನಾ ಯಾವ್ದುಕ್ಕೂ ಕುಂಕ್ಮ ಇಕ್ಕಾಕಿಲ್ಲ. ಮಗ್ಳೇ ಇಕ್ತಾಳೆ."

ಹೆಂಡತಿಯನ್ನು ಕರೆದು ಒಂದು ಹಳೇ ಸೀರೆಯ ತುಂಡು ಕೇಳಿದೆ. ಹಾರ್ಡ್ ಡಿಸ್ಕನ್ನು ಅದರಲ್ಲಿ ಸುತ್ತಿದ್ದೇನೆ. ಹನ್ನೊಂದರ ಹನೂರು ಬಸ್ಸು ಹಿಡಿಯಬೇಕು. ಅವಳ ಮಗಳು, ಅಳಿಯ, ಹಬ್ಬಕ್ಕೆ ಬಂದವರು ಎಲ್ಲರ ಮುಂದೆ ಇನ್ನೊಮ್ಮೆ ಹೇಳಿ, ಇದನ್ನು ಚಿಕ್ಕವ್ವನ ಮುಂದೆ ಇಡುತ್ತೇನೆ. ಅವಳು ಕುಂಕುಮ ಇಡುತ್ತಾಳೋ ಇಲ್ಲವೋ ಗೊತ್ತಿಲ್ಲ.